ಯಾರೂ ನೀರು ಹಾಕದ ಮ್ಯಾಗ್ನೋಲಿಯಾ

“ನಿಜ ಹೇಳು ಲಚ್ಚಿ. ನಿನ್ನೆ ಗಿಡಕ್ಕೆ ನೀರು ಹಾಕಿದ್ಯೋ ಇಲ್ವೋ?”

ಅಮ್ಮನ ಒಂದು ಕೈಯಲ್ಲಿ ಪೊರಕೆ ಇತ್ತು, ಇನ್ನೊಂದು ಕೈಯಲ್ಲಿ ಮೂರು ಹಳದಿ ಎಲೆಗಳಿದ್ದವು. ಎಲೆ ಎಂದರೆ ಬೇವು, ಹುಣಸೆಯ ಎಲೆಯಂಥವಲ್ಲ. ಒಂದೊಂದೂ ಲಚ್ಚಿಯ ಸ್ಕೂಲ್ ಶೂಗಿಂತ ಉದ್ದ, ರಟ್ಟಿನಷ್ಟು ಗಟ್ಟಿ.

“ಹಾಕ್ದೆ ಅಮ್ಮ. ಒಂದು ಬಕೆಟ್ ಪೂರ್ತಿ ಹಾಕ್ದೆ.”

“ಹಾಕಿದ್ರೆ ಯಾಕೆ ಹಿಂಗೆ ಉದುರುತ್ತೆ?”

“ನಂಗೇನ್ ಗೊತ್ತು? ಗಿಡಾನೇ ಕೇಳು.”

ಲಚ್ಚಿ ಎದುರುತ್ತರ ಕೊಡಬೇಕೆಂದು ಹಾಗೆ ಹೇಳಿದ್ದಲ್ಲ. ಗಿಡಕ್ಕೆ ಬಾಯಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತ್ತು. ಆದರೆ ಪೊರಕೆ ಹಿಡಿದ ಅಮ್ಮನ ಮುಂದೆ ಏನು ಹೇಳಿದರೂ ಎದುರುತ್ತರವೇ.

“ಬಾಯಿ ಮಾತ್ರ ಚೆನ್ನಾಗಿ ಬೆಳೀತಾ ಇದೆ” ಎಂದಳು ಅಮ್ಮ. “ನಡಿ, ಸ್ಕೂಲಿಗೆ ಹೊತ್ತಾಯ್ತು.”

ಲಚ್ಚಿಯ ಪೂರ್ತಿ ಹೆಸರು ವೆಂಕಟಲಕ್ಷ್ಮಿ. ಅದು ಅವಳ ಅಜ್ಜಿಯ ಹೆಸರು. ಅತ್ತೆಯ ಹೆಸರು ಹಿಡಿದು ಸೊಸೆ ಬೈಯುವಂತಿಲ್ಲವಲ್ಲ, ಅದಕ್ಕೇ ತೊಟ್ಟಿಲಲ್ಲಿದ್ದಾಗಲೇ ಅವಳು ಲಚ್ಚಿಯಾದಳು. ಆಮೇಲೆ ಬೈಗುಳಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಅವರ ಮನೆ ಇದ್ದದ್ದು ಪೀಣ್ಯದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಎಲ್ಲ ಮನೆಗೂ ಒಂದೇ ಬಣ್ಣ, ಒಂದೇ ಅಳತೆ. ಪ್ರತಿ ಮನೆಯ ಮುಂದೆ ಒಂದು ಪುಟ್ಟ ಅಂಗಳ. ಅಲ್ಲಿ ನುಗ್ಗೆ, ಕರಿಬೇವು, ಪರಂಗಿ, ಹೆಚ್ಚೆಂದರೆ ಒಂದು ದಾಸವಾಳ. ಲಚ್ಚಿಯ ಮನೆಯ ಮುಂದೆ ಮಾತ್ರ ಮ್ಯಾಗ್ನೋಲಿಯಾ.

ಅದನ್ನು ಆರಿಸಿದವಳು ಲಚ್ಚಿಯೇ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಅಪ್ಪ ಅವಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದು ದೊಡ್ಡ ಮರ. ಹೊಳೆಯುವ ಎಲೆಗಳ ನಡುವೆ ಒಂದೇ ಒಂದು ಬಿಳಿ ಹೂವು, ಊಟದ ತಟ್ಟೆಯಷ್ಟು ಅಗಲ. ಲಚ್ಚಿ ಅಲ್ಲಿಂದ ಕದಲಲಿಲ್ಲ. ಕಡಲೆಕಾಯಿ ಕೊಡಿಸುತ್ತೇನೆ ಎಂದರೂ ಕದಲಲಿಲ್ಲ.

“ಅಪ್ಪ, ನಮ್ಮನೆಗೆ ಇದೇ ಬೇಕು.”

ಅಪ್ಪ ನಕ್ಕ. ಆದರೂ ನರ್ಸರಿಯಲ್ಲಿ ಕೇಳಿ ಮೊಣಕಾಲೆತ್ತರದ ಒಂದು ಕಸಿ ಗಿಡ ಕೊಡಿಸಿದ. ಲಚ್ಚಿ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದಳು. “ಈ ಮಗೂಗೂ ಒಂದು ಟಿಕೆಟ್ ತಗೋಬೇಕು ಸಾರ್” ಎಂದು ಕಂಡಕ್ಟರ್ ತಮಾಷೆ ಮಾಡಿದ.

ಗಿಡದ ಎಲೆಗಳ ಮೇಲುಭಾಗ ಶೂ ಪಾಲಿಶ್ ಹಾಕಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಕೆಳಭಾಗ ಮಾತ್ರ ಕಂದು. ಅಪ್ಪ ಕೆಲಸ ಮಾಡುತ್ತಿದ್ದದ್ದು ಕಾರ್ಖಾನೆಯ ಟೂಲ್ ರೂಮಿನಲ್ಲಿ. ಅವನಿಗೆ ಪ್ರಪಂಚದಲ್ಲಿ ಒಬ್ಬನೇ ಶತ್ರು, ತುಕ್ಕು. ಗಿಡ ನೆಟ್ಟ ಮೊದಲ ದಿನವೇ ಅವನು ಎಲೆಯೊಂದನ್ನು ತಿರುಗಿಸಿ ನೋಡಿ, “ಅಯ್ಯೋ, ಇದಕ್ಕೆ ತುಕ್ಕು ಹಿಡಿದಿದೆ” ಎಂದು ಬಟ್ಟೆಯಿಂದ ತಿಕ್ಕತೊಡಗಿದ. ಎಲೆ ಹರಿಯಿತು. ತುಕ್ಕು ಹೋಗಲಿಲ್ಲ.

ಅಜ್ಜಿಗೆ ಮ್ಯಾಗ್ನೋಲಿಯಾ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಅವಳು ಅದನ್ನು ‘ಮಂಗನೋಲೆ’ ಎನ್ನುತ್ತಿದ್ದಳು. ಅಮ್ಮನಿಗಂತೂ ಗಿಡ ಕಂಡರೆ ಆಗುತ್ತಿರಲಿಲ್ಲ. “ಕಾಯಿಲ್ಲ, ಹಣ್ಣಿಲ್ಲ, ಸಾರಿಗೆ ಹಾಕೋಕೆ ಒಂದು ಹಿಡಿ ಸೊಪ್ಪಿಲ್ಲ. ಗುಡಿಸೋಕೆ ಮಾತ್ರ ಇದೆ” ಎಂದು ದಿನಾ ಗೊಣಗುತ್ತಿದ್ದಳು.

ಆಗ ಅಪ್ಪ ಒಂದು ರೂಲ್ ಮಾಡಿದ.

“ನಮ್ಮ ಫ್ಯಾಕ್ಟರೀಲಿ ಒಂದು ಮಿಷಿನ್‌ಗೆ ಒಬ್ಬನೇ ಆಪರೇಟರ್. ಇಬ್ಬರು ಕೈ ಹಾಕಿದ್ರೆ ಕೆಲಸ ಕೆಡುತ್ತೆ. ಈ ಗಿಡ ಲಚ್ಚೀದು. ನೀರು, ಗೊಬ್ಬರ, ಎಲ್ಲಾ ಅವಳದೇ ಜವಾಬ್ದಾರಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ.”

ಆ ದಿನ ಲಚ್ಚಿಗೆ ತಾನು ಒಂದು ಗೇಣು ಎತ್ತರವಾದೆ ಎನ್ನಿಸಿತ್ತು.

ಎರಡು ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. ಗಿಡ ಲಚ್ಚಿಗಿಂತ ಎತ್ತರವಾಯಿತು. ಸಂಕ್ರಾಂತಿ ಕಳೆದ ಮೇಲೆ ಅಪ್ಪ ಅದಕ್ಕೊಂದು ಹೊಸ ಪಾತಿ ಕಟ್ಟಿದ. ಮಣ್ಣಿನ ಪಾತಿ ಒಡೆದು ನೀರು ಆಚೆ ಹರಿಯುವುದನ್ನು ಅವನು ಸಹಿಸುತ್ತಿರಲಿಲ್ಲ. ಸುತ್ತಲೂ ಒಂದು ಮೊಳ ಆಳ ತೋಡಿ, ಇಟ್ಟಿಗೆ ಇಳಿಸಿ, ಸಿಮೆಂಟ್ ಬಳಿದು, ಕರಣೆಯಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ. ಅದರ ಕೆಳಗಿನ ನೆಲವೋ, ಕ್ವಾರ್ಟರ್ಸ್ ಕಟ್ಟುವಾಗ ಜಲ್ಲಿ ತುಂಬಿ ದಮ್ಮಸ್ಸು ಹಾಕಿ ಗಟ್ಟಿ ಮಾಡಿದ್ದು. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು.

“ನೋಡಿ ಬೇಕಾದ್ರೆ. ಒಂದು ತೊಟ್ಟು ಲೀಕ್ ಆಗಲ್ಲ” ಎಂದು ಅಪ್ಪ ಬೀದಿಯವರನ್ನೆಲ್ಲ ಕರೆದು ತೋರಿಸಿದ.

ಮಾರ್ಚ್ ತಿಂಗಳಲ್ಲಿ ಎರಡು ಎಲೆ ಹಳದಿಯಾಗಿ ಉದುರಿದವು. ಚಿಗುರುವ ಮೊದಲು ಹಳೆಯ ಎಲೆ ಉದುರಿಸುವುದು ಆ ಗಿಡದ ಸ್ವಭಾವ. ಆದರೆ ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಒಂದೇ: ಬೇಸಿಗೆ, ಬಿಸಿಲು, ಹುಡುಗಿ ನೀರು ಹಾಕಿಲ್ಲ.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗಾಯಿತು ಲಚ್ಚಿಯ ಪಾಡು.

“ಆಟದ ಗ್ಯಾನದಲ್ಲಿ ಮರೆತಿರ್ತಾಳೆ” ಎಂದಳು ಅಜ್ಜಿ.

“ಜವಾಬ್ದಾರಿ ಅಂದ್ರೆ ಜವಾಬ್ದಾರಿ ಕಣಮ್ಮ” ಎಂದ ಅಪ್ಪ.

ಚಿಕ್ಕಬಾಣಾವರದ ಕಡೆಯಿಂದ ಹಾಲು ತರುವ ಅಂಜಿನಮ್ಮ ಕೂಡ ಬಿಡಲಿಲ್ಲ. “ಇಂಗ್ ಒಣಗಿಸ್ಬಾರ್ದು ಕಣ್ ಮಗಾ. ಗಿಡಾನೂ ಒಂದ್ ಜೀವ ಅಲ್ವಾ?” ಎಂದು ಕ್ಯಾನು ಇಳಿಸುತ್ತಲೇ ಬುದ್ಧಿ ಹೇಳಿದಳು.

ಲಚ್ಚಿ ದಿನಾ ಬೆಳಿಗ್ಗೆ ಒಂದು ಬಕೆಟ್ ಹಾಕುತ್ತಿದ್ದಳು. ಬೈಗುಳ ತಾಳಲಾರದೆ ಸಂಜೆಯೂ ಒಂದು ಬಕೆಟ್ ಹಾಕತೊಡಗಿದಳು. ಎಲೆ ಇನ್ನೂ ಜಾಸ್ತಿ ಉದುರಿತು. ಬೈಗುಳವೂ ಜಾಸ್ತಿಯಾಯಿತು. ಹಾಕಿದೆ ಎಂದರೆ ನಂಬುವವರಿಲ್ಲ, ಆಣೆ ಮಾಡಿದರೆ “ಆಣೆ ಗೀಣೆ ಎಲ್ಲಾ ಹಾಕ್ಬಾರ್ದು” ಎಂದು ಅದಕ್ಕೂ ಬೈಗುಳ. ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಅವಳ ಸಂಕಟ ಎಲೆಯದಷ್ಟೇ ಆಗಿರಲಿಲ್ಲ. ಗಿಡದ ತುದಿಯಲ್ಲಿ ಒಂದು ಮೊಗ್ಗು ಬಂದಿತ್ತು. ಹೆಬ್ಬೆರಳಿನ ಗಾತ್ರ. ಮುಟ್ಟಿದರೆ ಬೆಕ್ಕಿನ ಮರಿಯ ಕಿವಿಯಂತೆ ನವಿರು. ಮೊದಲನೆಯ ಮೊಗ್ಗು. ಅದು ತಟ್ಟೆಯಷ್ಟು ಅಗಲವಾಗಿ ಅರಳುವುದನ್ನು ಲಚ್ಚಿ ಕಣ್ಣು ಮುಚ್ಚಿದರೆ ಸಾಕು, ಕಾಣುತ್ತಿದ್ದಳು.

ಅಷ್ಟರಲ್ಲಿ ಅಮ್ಮ ಪಕ್ಕದ ಮನೆಯ ವೆಂಕಟಮ್ಮನವರ ಹತ್ತಿರ ತೋಳುದ್ದದ ಒಂದು ನುಗ್ಗೆ ಕೊಂಬೆ ಇಸಿದುಕೊಂಡು ಬಂದು, ಅಡಿಗೆಮನೆಯ ಹೊರಗೋಡೆಗೆ ಒರಗಿಸಿಟ್ಟಳು.

ವಾರ ಕಳೆದರೂ ಎಲೆ ಉದುರುವುದು ನಿಲ್ಲಲಿಲ್ಲ. “ಭಾನುವಾರದ ತನಕ ನೋಡ್ತೀನಿ” ಎಂದಳು ಅಮ್ಮ. “ಅಷ್ಟರಲ್ಲಿ ಈ ಗಿಡ ಸರಿ ಹೋಗ್ಲಿಲ್ಲ ಅಂದ್ರೆ, ನಿಮ್ಮಪ್ಪನ ಕೈಲಿ ಕೀಳಿಸಿ ಅಲ್ಲಿ ನುಗ್ಗೆ ನೆಡ್ತೀನಿ. ಮನೆ ಮುಂದೆ ಒಣಗಿದ ಗಿಡ ಇರಬಾರದು. ನುಗ್ಗೆಯಾದ್ರೆ ಹುಳಿಗಾದ್ರೂ ಆಗುತ್ತೆ.”

ಅದು ಬುಧವಾರ. ಗುರುವಾರದಿಂದ ಲಚ್ಚಿಯ ಸ್ಕೂಲಿನಲ್ಲಿ ದೊಡ್ಡವರ ಎಸ್.ಎಸ್.ಎಲ್.ಸಿ. ಪರೀಕ್ಷೆ. ಚಿಕ್ಕ ಕ್ಲಾಸಿನವರಿಗೆಲ್ಲ ರಜ.

ಯಾರೋ ಗಿಡಕ್ಕೆ ಏನೋ ಮಾಡುತ್ತಿದ್ದಾರೆ ಎಂದು ಲಚ್ಚಿಗೆ ಗುಮಾನಿ ಬಂದಿತ್ತು. ಹಿಂದಿನ ಬೀದಿಯ ಹುಡುಗರಿರಬಹುದು. ಮೇಕೆ ಇರಬಹುದು. ಯಾರಾದರೂ ಸೋಪಿನ ನೀರು ಸುರಿಯುತ್ತಿರಬಹುದು. ಕಳ್ಳನನ್ನು ಹಿಡಿದೇ ತೀರುತ್ತೇನೆ ಎಂದುಕೊಂಡು ಅವಳು ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹಾಸಿಗೆ ಹಾಸಿಕೊಂಡು ಮಲಗಿದಳು.

ನಸುಕಿನಲ್ಲಿ ನಲ್ಲಿಯ ಸದ್ದಿಗೆ ಎಚ್ಚರವಾಯಿತು. ಲಚ್ಚಿ ಪರದೆಯ ಸಂದಿಯಿಂದ ನೋಡಿದಳು.

ಅಪ್ಪ. ಅವನಿಗೆ ಆ ವಾರ ಫಸ್ಟ್ ಶಿಫ್ಟ್. ಖಾಕಿ ಯೂನಿಫಾರಂ ಹಾಕಿಕೊಂಡು, ಸದ್ದಾಗಬಾರದೆಂದು ಬಕೆಟ್ಟಿನ ಹಿಡಿಯನ್ನು ಒತ್ತಿ ಹಿಡಿದುಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಬಂದ. ಬಕೆಟ್ ಪೂರ್ತಿ ಪಾತಿಗೆ ಸುರಿದ. “ಪಾಪ, ಮಗು ಬೈಸ್ಕೊಳ್ಳುತ್ತೆ” ಎಂದು ತನಗೆ ತಾನೇ ಅಂದುಕೊಂಡು, ಬಕೆಟ್ಟನ್ನು ಇದ್ದ ಜಾಗದಲ್ಲೇ ಇಟ್ಟು, ಬಸ್ ಹಿಡಿಯಲು ಓಡಿದ.

ಒಂದು ಮಿಷಿನ್‌ಗೆ ಒಬ್ಬನೇ ಆಪರೇಟರ್ ಎಂದವನು ಅವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಸ್ವಲ್ಪ ಹೊತ್ತಿಗೆ ಅಂಜಿನಮ್ಮ ಬಂದಳು. ಹಾಲು ಅಳೆದು ಕೊಟ್ಟಳು. ಅಮ್ಮ ಒಳಗೆ ಹೋದ ಮೇಲೆ ನಲ್ಲಿ ತಿರುಗಿಸಿ ತನ್ನ ಕ್ಯಾನು ತುಂಬ ನೀರು ಹಿಡಿದು, ಗಲಗಲ ಕುಲುಕಿ, ಆ ಬಿಳಿ ನೀರನ್ನೆಲ್ಲ ಪಾತಿಗೆ ಚೆಲ್ಲಿದಳು.

“ಕುಡಿ ನನ್ ತಾಯಿ. ಆ ಮಗೀಗೆ ಗ್ಯಾನ ಇಲ್ಲ” ಎಂದು ಗಿಡಕ್ಕೆ ಸಮಾಧಾನ ಹೇಳಿ ಹೋದಳು.

ಲಚ್ಚಿ ಹಲ್ಲು ಕಚ್ಚಿಕೊಂಡು ಕೂತಳು.

ಅಜ್ಜಿ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತುಳಸಿಗೆ ನೀರು ತಂದಳು. ತುಳಸಿಗೆ ಒಂದು ಉದ್ಧರಣೆ. ಕೊಡಪಾನದಲ್ಲಿದ್ದ ಮಿಕ್ಕ ನೀರೆಲ್ಲ ಮ್ಯಾಗ್ನೋಲಿಯಾಕ್ಕೆ. “ನನ್ನ ಹೆಸರಿನ ಕೂಸು. ಅದರ ಮಾನ ಉಳಿಸೇ ಮಂಗನೋಲೆ” ಎಂದು ಕೈ ಬೇರೆ ಮುಗಿದಳು.

ಇಷ್ಟೂ ಸಾಲದು ಎಂಬಂತೆ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಮ್ಮ ಬಂದಳು.

ಲಚ್ಚಿ ತನ್ನ ಕಣ್ಣನ್ನು ತಾನೇ ನಂಬಲಿಲ್ಲ. ಅಮ್ಮನ ಕೈಯಲ್ಲಿ ಬಟ್ಟೆ ಜಾಲಿಸಿ ಉಳಿದ ತಿಳಿ ನೀರಿನ ಬಕೆಟ್ಟು. ಅಮ್ಮ ಗೇಟಿನ ಕಡೆ ನೋಡಿದಳು, ಪಕ್ಕದ ಮನೆಯ ಕಡೆ ನೋಡಿದಳು. ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ನಿಧಾನವಾಗಿ ನೀರು ಹೊಯ್ದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಎಲೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ಭಾನುವಾರದೊಳಗೆ ಒಂದು ಚಿಗುರಾದ್ರೂ ಬಿಡೇ, ಮೂದೇವಿ” ಎಂದು ಗಿಡವನ್ನು ಬೈದಳು. “ನಿನ್ನ ಕಿತ್ತು ಹಾಕಿದ್ರೆ ಅವಳು ಅಳ್ತಾಳೆ. ಅದನ್ನ ಯಾರು ನೋಡ್ತಾರೆ?”

ಅಮ್ಮ ಒಳಗೆ ಹೋದಳು. ಲಚ್ಚಿಗೆ ನಗು ಬಂತು. ಒಂದು ಗಳಿಗೆ ಅಷ್ಟೇ. ನಗುವಿನ ಹಿಂದೆಯೇ ಪಿತ್ತ ನೆತ್ತಿಗೇರಿತು. ಎಲ್ಲರೂ ಬಕೆಟ್ ಬಕೆಟ್ ನೀರು ಸುರಿಯುತ್ತಿದ್ದಾರೆ, ಎಲ್ಲರೂ ಸೇರಿ ತನ್ನನ್ನೇ ಬೈಯುತ್ತಿದ್ದಾರೆ. ಇವರನ್ನೆಲ್ಲ ಏನು ಮಾಡಬೇಕು?

ಅವಳು ಹಿತ್ತಿಲಿಗೆ ಹೋಗಿ ಅಡಿಗೆಮನೆಯ ಗೋಡೆಯ ಹತ್ತಿರ ಮುಖ ಊದಿಸಿಕೊಂಡು ಕೂತಳು. ಪಕ್ಕದಲ್ಲೇ ನುಗ್ಗೆ ಕೊಂಬೆ. ಅದರ ಮೇಲೂ ಅವಳಿಗೆ ಕೋಪ. ಒದೆಯೋಣ ಎಂದು ಕಾಲೆತ್ತಿದಳು, ಹಾಗೇ ನಿಲ್ಲಿಸಿದಳು.

ಕೊಂಬೆಯ ಗಿಣ್ಣಿನಲ್ಲಿ ಒಂದು ಹಸಿರು ಚುಕ್ಕೆ. ಇನ್ನೊಂದು ಗಿಣ್ಣಿನಲ್ಲಿ ಇನ್ನೊಂದು. ಮಣ್ಣಿಲ್ಲ, ಪಾತಿಯಿಲ್ಲ, ಅದಕ್ಕೆ ಒಬ್ಬರೂ ಒಂದು ಹನಿ ನೀರು ಹಾಕಿಲ್ಲ. ಸುಮ್ಮನೆ ಗೋಡೆಗೆ ಒರಗಿಕೊಂಡು ಚಿಗುರುತ್ತಿದೆ.

ಲಚ್ಚಿ ಎದ್ದು ಅಂಗಳಕ್ಕೆ ಓಡಿದಳು. ಮರದ ಸ್ಕೇಲ್ ತಂದು ಪಾತಿಯೊಳಗೆ ಚುಚ್ಚಿದಳು. ಅದು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು. ಎಳೆದಾಗ ಕಪ್ಪು ರಾಡಿ ಮೆತ್ತಿಕೊಂಡು ಬಂತು. ಮೂಗಿನ ಹತ್ತಿರ ಹಿಡಿದಳು. ಚರಂಡಿಯ ವಾಸನೆ.

ಮಧ್ಯಾಹ್ನ ಅಪ್ಪ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತ. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಅಮ್ಮ ಮುದ್ದೆ ಬಡಿಸುತ್ತಿದ್ದಳು. ಲಚ್ಚಿ ಬಾಗಿಲಲ್ಲಿ ನಿಂತಳು.

“ಅಪ್ಪ, ಬೆಳಿಗ್ಗೆ ಗಿಡಕ್ಕೆ ನೀರು ಹಾಕಿದ್ಯಾ?”

“ನಾನಾ? ನಾನ್ಯಾಕೆ ಹಾಕ್ಲಿ? ಅದು ನಿನ್ನ ಜವಾಬ್ದಾರಿ ಅಲ್ವಾ?” ಎಂದ ಅಪ್ಪ. ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ.

“ನಾನು ನೋಡ್ದೆ.”

ಅಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು. “ರೀ, ನೀವು ಹಾಕ್ತಾ ಇದ್ರಾ? ರೂಲ್ ಮಾಡಿದವರು ನೀವೇ ತಾನೆ?”

“ನೀನೂ ಹಾಕ್ದೆ” ಎಂದಳು ಲಚ್ಚಿ. “ಬಟ್ಟೆ ನೀರು. ಅಜ್ಜೀನೂ ಹಾಕಿದ್ಲು, ಒಂದು ಕೊಡಪಾನ. ಅಂಜಿನಮ್ಮ ಹಾಲಿನ ಕ್ಯಾನ್ ತೊಳೆದು ಹಾಕಿದ್ರು. ನಾನು ದಿನಾ ಎರಡು ಬಕೆಟ್.”

ಅಜ್ಜಿ ತನಗೆ ಕಿವಿ ಕೇಳಿಸುವುದಿಲ್ಲ ಎಂಬಂತೆ ಸೂರು ನೋಡತೊಡಗಿದಳು. ಅವಳ ಕಿವಿ ಬೀದಿಯ ಕೊನೆಯ ಮನೆಯ ಜಗಳವನ್ನೂ ಬಿಡುತ್ತಿರಲಿಲ್ಲ.

“ದಿನಾ ನನ್ನ ಬೈದ್ರಿ” ಎಂದಳು ಲಚ್ಚಿ. “ಹಾಕಿದೀನಿ ಅಂದ್ರೆ ಒಬ್ಬರೂ ನಂಬ್ಲಿಲ್ಲ. ಗಿಡ ಒಣಗ್ತಾ ಇಲ್ಲ ಅಪ್ಪ. ಒಳಗೆ ಕೊಳೀತಾ ಇದೆ. ಬಂದು ನೋಡು.”

ಅಪ್ಪ ಕೈ ತೊಳೆದು ಬಂದ. ರಾಡಿ ಮೆತ್ತಿದ ಸ್ಕೇಲನ್ನು ತಿರುಗಿಸಿ ತಿರುಗಿಸಿ ನೋಡಿದ, ಮೂಸಿದ, ಮುಖ ಸಿಂಡರಿಸಿದ.

“ಇಷ್ಟು ನೀರು ನಿಲ್ಲಬಾರದಲ್ಲ. ಮಣ್ಣು ಕುಡೀಬೇಕಿತ್ತು.”

“ಕೆಳಗೆ ಜಲ್ಲಿ, ಸುತ್ತ ಸಿಮೆಂಟು. ಎಲ್ಲಿಗೆ ಹೋಗುತ್ತೆ? ನೀನೇ ಅಂದ್ಯಲ್ಲ, ಒಂದು ತೊಟ್ಟು ಲೀಕ್ ಆಗಲ್ಲ ಅಂತ.”

ಅಪ್ಪನಿಗೆ ಅದು ನಾಟಿತು. ಅವನು ಪಾತಿಯ ಅಂಚಿನ ಮೇಲೆ ಕೈಯಾಡಿಸಿದ. ಕನ್ನಡಿಯಂಥ ಸಿಮೆಂಟು. “ಪಾತಿಯಲ್ಲಿ ಏನೂ ತಪ್ಪಿಲ್ಲ. ನೀವೆಲ್ಲ ಮಿತಿ ಮೀರಿ ನೀರು ಸುರಿದಿದ್ದೀರಿ, ಅಷ್ಟೇ. ನಾಳೆಯಿಂದ ಕಮ್ಮಿ ಹಾಕಿದ್ರೆ ಆಯ್ತು” ಎಂದ.

“ನಾಳೆ ತನಕ ಬೇರು ಅದರಲ್ಲೇ ಇರಬೇಕಾ?”

“ಎಷ್ಟು ಕಷ್ಟಪಟ್ಟು ಕಟ್ಟಿದೀನಿ, ಗೊತ್ತಾ ನಿಂಗೆ?”

“ಗೊತ್ತು. ಒಂದು ಕಡೆ ಮಾತ್ರ ಒಡಿ ಅಪ್ಪ. ಇಷ್ಟೇ ಇಷ್ಟು.” ಲಚ್ಚಿ ಕೈಯಲ್ಲಿ ತೋರಿಸಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರಿಂದ ಅವಳಿಗೆ ಅಪ್ಪನ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಅಪ್ಪ ಒಳಗೆ ಹೋಗಿ ಸುತ್ತಿಗೆ, ಚಾಣ ತಂದ. ಮೊದಲ ಏಟು ಹಾಕುವಾಗ ತನ್ನ ಬೆರಳಿಗೇ ಹಾಕಿಕೊಳ್ಳುವವನ ಹಾಗೆ ಮುಖ ಕಿವುಚಿದ. ಆ ಸಿಮೆಂಟು ಸುಲಭಕ್ಕೆ ಬಿಡುವಂಥದ್ದಲ್ಲ. “ನಾನೇ ಕಟ್ಟಿದ್ದಲ್ವಾ” ಎಂದು ಬೆವರು ಒರೆಸಿಕೊಳ್ಳುತ್ತಾ ಗೊಣಗಿದ. ಅದು ಜಂಬವೋ ಬೇಜಾರೋ ತಿಳಿಯಲಿಲ್ಲ.

ಕೊನೆಗೆ ಕೆಳಗಿನ ಸಾಲಿನ ಒಂದು ಇಟ್ಟಿಗೆ ಕಳಚಿತು. ಅಪ್ಪ ಅಲ್ಲಿಂದ ಚರಂಡಿಯ ತನಕ ಒಂದು ಕಾಲುವೆ ತೋಡಿದ. ಕಪ್ಪು ನೀರು ಬುಳುಬುಳು ಎಂದು ಬಂತು. ಬರುತ್ತಲೇ ಇತ್ತು. ಅಮ್ಮ ಮೂಗಿಗೆ ಸೆರಗು ಹಿಡಿದುಕೊಂಡಳು.

“ಶಿವನೇ, ಇಷ್ಟು ನೀರಿತ್ತಾ ಒಳಗೆ?” ಎಂದಳು ಅಜ್ಜಿ.

ಶನಿವಾರ ಬೆಳಿಗ್ಗೆ ಲಚ್ಚಿ ಎದ್ದು ನೋಡಿದಾಗ ಮೊಗ್ಗು ಕೆಳಗೆ ಬಿದ್ದಿತ್ತು. ತೊಟ್ಟು ಕಪ್ಪಾಗಿತ್ತು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಅಜ್ಜಿ ಬಂದು ಅವಳ ಕೈಯಿಂದ ಮೊಗ್ಗು ತೆಗೆದುಕೊಂಡು, ತೊಳೆದು, ದೇವರ ಮುಂದೆ ಇಟ್ಟಳು.

ಭಾನುವಾರ ಬಂತು. ಲಚ್ಚಿ ತಿಂಡಿ ತಿನ್ನಲಿಲ್ಲ. ಗಿಡದ ಪಕ್ಕದಲ್ಲೇ ನಿಂತುಕೊಂಡಿದ್ದಳು. ಗಿಡದಲ್ಲಿ ಆರೇಳು ಎಲೆ ಉಳಿದಿದ್ದವು, ಅಷ್ಟೇ. ಹಿತ್ತಿಲಿನಲ್ಲಿ ಹಾರೆಯ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ, ಬಚ್ಚಲಿನ ಹಿಂದೆ ಅಮ್ಮ ತಾನೇ ಗುಂಡಿ ತೋಡಿ ನುಗ್ಗೆ ಕೊಂಬೆ ನೆಡುತ್ತಿದ್ದಳು.

“ಏನ್ ನೋಡ್ತೀಯ?” ಎಂದಳು ಅಮ್ಮ, ತಲೆ ಎತ್ತದೆ. “ಚಿಗುರಿರೋ ಕೊಂಬೆ ಎಷ್ಟು ದಿನ ಅಂತ ಕಾಯುತ್ತೆ? ಮಳೆಗಾಲದ ತನಕ ನಿನ್ನ ಗಿಡ ಅಲ್ಲೇ ಇರ್ಲಿ. ಆಮೇಲೆ ನೋಡೋಣ. ಹೋಗಿ ತಿಂಡಿ ತಿನ್ನು. ಉಪ್ಪಿಟ್ಟು ತಣ್ಣಗಾದ್ರೆ ನಾನು ಬಿಸಿ ಮಾಡ್ಕೊಡಲ್ಲ.”

ಅಪ್ಪ ಹೊಸ ರೂಲ್ ಮಾಡಿದ. ಮಣ್ಣಿನಲ್ಲಿ ಬೆರಳು ಇಳಿಸಿ ನೋಡಬೇಕು. ಒಳಗೆ ಪೂರ್ತಿ ಒಣಗಿದ ಮೇಲೆಯೇ ನೀರು. ಅಲ್ಲಿಯವರೆಗೆ ಯಾರೂ, ಎಂದರೆ ಯಾರೂ, ಒಂದು ಹನಿ ಹಾಕಕೂಡದು.

ಕೇಳುವುದಕ್ಕೆ ಸುಲಭ. ಆದರೆ ನೀರು ಹಾಕುವುದಕ್ಕಿಂತ ಹಾಕದೆ ಇರುವುದೇ ಆ ಮನೆಯವರಿಗೆ ದೊಡ್ಡ ಕಷ್ಟವಾಯಿತು. ತುಳಸಿಗೆ ನೀರು ಹಾಕಿದ ಮೇಲೆ ಅಜ್ಜಿಯ ಕೈ ತಾನಾಗಿಯೇ ಆ ಕಡೆ ಹೋಗುತ್ತಿತ್ತು. ಅವಳು ಗಿಡಕ್ಕೆ ಬೆನ್ನು ತಿರುಗಿಸಿಕೊಂಡು ಒಳಗೆ ಬರುತ್ತಿದ್ದಳು. ಅಂಜಿನಮ್ಮ ಕ್ಯಾನು ತೊಳೆದ ನೀರನ್ನು ಕಾಲುದಾರಿಯಲ್ಲಿ ಚೆಲ್ಲಿ, “ಇದೆಂತಾ ಅನ್ಯಾಯ ಕಣವ್ವ, ಬಿಸ್ಲಲ್ಲಿ ನಿಂತಿರೋದ್ಕೆ ನೀರಿಲ್ವಂತೆ” ಎಂದು ದಾರಿಯುದ್ದಕ್ಕೂ ಗೊಣಗುತ್ತಾ ಹೋಗುತ್ತಿದ್ದಳು. ಅಪ್ಪ ಶಿಫ್ಟಿನಿಂದ ಬಂದವನೇ ಬೆರಳು ಇಳಿಸಿ ನೋಡಿ, “ಇನ್ನೂ ತೇವ ಇದೆ” ಎಂದು ಒಳಗೆ ಬರುತ್ತಿದ್ದ.

ಏಪ್ರಿಲ್ ಬಂತು. ಬೇಸಿಗೆ ರಜ ಶುರುವಾಯಿತು. ಡಾಂಬರು ರಸ್ತೆ ಕಾದು ಕಾಲಿಡಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದರು. ಲಚ್ಚಿಗೆ ನಿದ್ದೆ ಬರಲಿಲ್ಲ. ಬಾಯಾರಿ ಎದ್ದು, ಹೂಜಿಯಿಂದ ಚೊಂಬಿಗೆ ನೀರು ಬಗ್ಗಿಸಿಕೊಂಡು ಅಂಗಳಕ್ಕೆ ಬಂದಳು. ಬಿಸಿಲು ರಾಚುತ್ತಿತ್ತು. ಮ್ಯಾಗ್ನೋಲಿಯಾದ ಉಳಿದ ಎಲೆಗಳು ಜೋತು ಬಿದ್ದಿದ್ದವು. ನೋಡಿ ಅವಳಿಗೆ ಅಯ್ಯೋ ಪಾಪ ಎನ್ನಿಸಿತು.

ಒಂದೇ ಒಂದು ಚೊಂಬು. ಯಾರಿಗೆ ಗೊತ್ತಾಗುತ್ತೆ?

ಲಚ್ಚಿ ಗೇಟಿನ ಕಡೆ ನೋಡಿದಳು. ಪಕ್ಕದ ಮನೆಯ ಕಡೆ ನೋಡಿದಳು. ಯಾರೂ ಇರಲಿಲ್ಲ. ಚೊಂಬು ಬಗ್ಗಿಸಲು ಹೋದವಳು, ಹಾಗೇ ನಿಂತುಬಿಟ್ಟಳು.

ಅವತ್ತು ಅಮ್ಮ ಇದೇ ಜಾಗದಲ್ಲಿ ನಿಂತಿದ್ದಳು. ಹೀಗೇ ಅತ್ತ ಇತ್ತ ನೋಡಿದ್ದಳು. ಅಮ್ಮನಿಗೂ ಆಗ ಹೀಗೇ ಅನ್ನಿಸಿರಬೇಕು. ಅಪ್ಪನಿಗೂ. ಅಜ್ಜಿಗೂ.

ಲಚ್ಚಿ ಚೊಂಬನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈ ಬೆರಳನ್ನು ಮಣ್ಣಿನೊಳಗೆ ಇಳಿಸಿದಳು. ಮೇಲೆ ಕಾದಿತ್ತು. ಒಳಗೆ ಇನ್ನೂ ತಣ್ಣಗಿತ್ತು. ಏಳುವಾಗ ಕಣ್ಣಿಗೆ ಬಿತ್ತು. ಮೊಗ್ಗು ಉದುರಿದ ಜಾಗದ ಸ್ವಲ್ಪ ಕೆಳಗೆ, ಕೊಂಬೆಯ ಸಂದಿಯಲ್ಲಿ, ಚೂಪು ಮಾಡಿದ ಪೆನ್ಸಿಲಿನ ತುದಿಯಷ್ಟು ಹಸಿರು. ಹೂವಿನ ಮೊಗ್ಗಲ್ಲ, ಎಲೆಯ ಸುಳಿ. ಅವಳು ಅದನ್ನು ಮುಟ್ಟಲಿಲ್ಲ.

ಚೊಂಬಿನ ನೀರನ್ನು ತಾನೇ ಗಟಗಟ ಕುಡಿದಳು. ಮಿಕ್ಕಿದ್ದನ್ನು ಸುಡುತ್ತಿದ್ದ ಕಾಲಿಗೆ ಸುರಿದುಕೊಂಡಳು. ಒಳಗೆ ಹೋಗಿ, ಬರಿ ನೆಲದ ಮೇಲೆ ಮಲಗಿದ್ದ ಅಮ್ಮನ ಪಕ್ಕ ಸದ್ದಿಲ್ಲದೆ ಉರುಳಿಕೊಂಡಳು.

ಒದ್ದೆ ಕಾಲು ತಾಗಿ ಅಮ್ಮ ಅರೆಗಣ್ಣು ತೆರೆದಳು. ಲಚ್ಚಿಯ ಕಾಲು ನೋಡಿದಳು, ಬೆರಳಿಗೆ ಮೆತ್ತಿದ್ದ ಮಣ್ಣು ನೋಡಿದಳು, ಖಾಲಿ ಚೊಂಬು ನೋಡಿದಳು.

“ಗಿಡಕ್ಕೆ ಹಾಕ್ಬಿಟ್ಯಾ?”

“ಇಲ್ಲಮ್ಮ.”

ಅಮ್ಮ ಇನ್ನೊಂದು ಸಲ ಕೇಳಲಿಲ್ಲ. ಸೆರಗಿನ ತುದಿಯಿಂದ ಅವಳ ಕಾಲು ಒರೆಸಿ, ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು.